ಅಜಾಗರೂಕತೆ ಎಂದು ಬರೆದು ಕೈ ತೊಳೆದುಕೊಳ್ಳುವವರಿಗೆ

ಎರಡು ವರ್ಷದ ಹಿಂದೆ, ಜುಲೈ ತಿಂಗಳ ಒಂದು ಬೆಳಿಗ್ಗೆ, ಜುಬೈಲಿನ ಒಂದು ಲ್ಯಾಬ್ ಸ್ಟೋರಿನಲ್ಲಿ ನನ್ನ ರೂಮಿನ ಹುಡುಗನ ಎಡಗಣ್ಣಿಗೆ ಕಾಸ್ಟಿಕ್ ಸೋಡಾದ ಚೂರು ಹಾರಿತು. ಈಗ ಆ ಕಣ್ಣಿಗೆ ಬೆಳಕು ಕಾಣುತ್ತದೆ, ಮುಖ ಕಾಣುವುದಿಲ್ಲ. ಅಪಘಾತದ ವರದಿಯಲ್ಲಿ 'ಕಾರಣ' ಎಂಬ ಜಾಗದಲ್ಲಿ ಬರೆದದ್ದು ಒಂದೇ ಸಾಲು: ಕೆಲಸಗಾರನ ಅಜಾಗರೂಕತೆ. ನಾನೂ ಅದೇ ಲ್ಯಾಬಿನ ಹೆಲ್ಪರ್. ಆ ಸಾಲು ಸುಳ್ಳು ಅಂತ ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಈ ವಸ್ತು ಎಂತದ್ದು ಅಂತ ತಿಳಿಯಬೇಕು. ಕಾಸ್ಟಿಕ್ ಸೋಡಾ ಎಂದರೆ ಸೋಡಿಯಂ ಹೈಡ್ರಾಕ್ಸೈಡ್. ಲ್ಯಾಬಿಗೆ ಬಿಳಿ ಗುಳಿಗೆಯಾಗಿಯೋ ಹಪ್ಪಳದ ಚೂರಿನ ಹಾಗೆಯೋ ಬರುತ್ತದೆ. ನೋಡಲಿಕ್ಕೆ ಪಾಪದ ವಸ್ತು, ಹೊಗೆ ಇಲ್ಲ, ವಾಸನೆ ಇಲ್ಲ. ಆದರೆ ಅದಕ್ಕೆ ನೀರಿನ ಹುಚ್ಚು. ಮುಚ್ಚಳ ತೆರೆದಿಟ್ಟರೆ ಗಾಳಿಯ ತೇವವನ್ನು ತಾನೇ ಎಳೆದುಕೊಂಡು ಒದ್ದೆಯಾಗುತ್ತದೆ, ಗುಳಿಗೆಗೆ ಗುಳಿಗೆ ಅಂಟಿ ಕಲ್ಲಿನಂಥ ಗಟ್ಟಿ ಆಗುತ್ತದೆ. ನೀರಿಗೆ ಬಿದ್ದರೆ ಬಿಸಿ ಏಳುತ್ತದೆ. ಊರಲ್ಲಿ ಚಿಪ್ಪಿನ ಸುಣ್ಣಕ್ಕೆ ನೀರು ಹಾಕುವಾಗ ಅದು ಕೊತಕೊತ ಕುದಿಯುವುದನ್ನು ನೋಡಿದವರು ನಾವು. ಉಮ್ಮ ನಮ್ಮನ್ನು ಅಂಗಳದಾಚೆ ಓಡಿಸುತ್ತಿದ್ದರು. ಇದು ಆ ಸುಣ್ಣಕ್ಕಿಂತಲೂ ಜೋರು. ಈ ಒಂದು ಮಾತನ್ನು ನಮಗೆ ತಿಳಿಯುವ ಭಾಷೆಯಲ್ಲಿ ಹೇಳಲಿಕ್ಕೆ ಕಂಪೆನಿಗೆ ಎಷ್ಟು ರಿಯಾಲ್ ಖರ್ಚಾಗುತ್ತಿತ್ತು?

ನೀರು ಎಂದರೆ ನಲ್ಲಿಯ ನೀರು ಮಾತ್ರ ಅಲ್ಲ. ಬೆವರೂ ನೀರೇ, ಕಣ್ಣಿನ ತೇವವೂ ನೀರೇ. ಕೊಲ್ಲಿಯ ಕರಾವಳಿಯಲ್ಲಿ ಜುಲೈ-ಆಗಸ್ಟಿನಲ್ಲಿ ಅಂಗಿ ಹಿಂಡುವಷ್ಟು ಬೆವರುತ್ತೇವೆ. ಒಣ ಕೈಯಿಂದ ಉದುರಿ ಹೋಗುವ ಚೂರು ಬೆವರಿದ ಕೈಗೆ ಅಂಟಿ ಅಲ್ಲೇ ಕರಗುತ್ತದೆ. ಆಸಿಡ್ ಬಿದ್ದರೆ ಹೆಚ್ಚಾಗಿ ಕೂಡಲೇ ಉರಿಯುತ್ತದೆ, ಮನುಷ್ಯ ಓಡಿ ಹೋಗಿ ತೊಳೆಯುತ್ತಾನೆ. ಕಾಸ್ಟಿಕ್ ಕಳ್ಳನ ಹಾಗೆ. ಮೊದಲು ಸಾಬೂನಿನಂತೆ ಜಾರುತ್ತದೆ, ನೋವು ಆಮೇಲೆ ಬರುತ್ತದೆ. ಆ ಜಾರಿಕೆ ಎಂತದು ಗೊತ್ತುಂಟಾ? ನಮ್ಮ ಚರ್ಮದ ಕೊಬ್ಬೇ ಸಾಬೂನಾಗುವುದು. ಅಸರ್‌ಗೆ ವುಝೂ ಮಾಡುವಾಗ ಕೈ ಜಾರುತ್ತಿದೆ ಅನಿಸಿದರೆ ಆ ಕೈಯನ್ನು ಮುಖಕ್ಕೆ ಒಯ್ಯಬೇಡಿ. ಜಾರುವುದು ನಿಂತ ಮೇಲೂ ಸುಮಾರು ಹೊತ್ತು ಕೈಗೆ ನೀರು ಬಿಡಿ. ಕಣ್ಣಿಗೆ ಹೋದರಂತೂ ಕ್ಷಾರವು ಪದರವನ್ನೇ ಕರಗಿಸಿಕೊಂಡು ಒಳಗೆ ಇಳಿಯುತ್ತಲೇ ಇರುತ್ತದೆ. ಅಲ್ಲಿ ಒಂದೊಂದು ನಿಮಿಷಕ್ಕೂ ಬೆಲೆ ಉಂಟು.

ಈಗ ಆ ದಿನದ ಸಂಗತಿಗೆ ಬರುತ್ತೇನೆ. ಕರೆಂಟ್ ಉಳಿಸಲು ವಾರದ ರಜೆಯಲ್ಲಿ ಸ್ಟೋರಿನ ಎಸಿ ಬಂದ್ ಮಾಡಲು ಹೇಳಿದವರು ಮೇಲಿನವರು. 25 ಕಿಲೋದ ದೊಡ್ಡ ಡಬ್ಬಿಯನ್ನೇ ದಿನಕ್ಕೆ ನಾಲ್ಕು ಸಲ ತೆರೆಯುವ ಪದ್ಧತಿ ಇಟ್ಟವರೂ ಅವರೇ. ಒಡೆದ ಮುಚ್ಚಳ ಬದಲಿಸಿ ಎಂದು ನಾವು ಎರಡು ಸಲ ಹೇಳಿದ್ದೆವು. ರಜೆ ಮುಗಿಸಿ ಬಂದಾಗ ಒಳಗಿನ ಮಾಲು ಒಂದೇ ಹೆಂಟೆ. 'ರಾಡ್ ತಗೊಂಡು ಒಡಿ' ಅಂತ ಆಜ್ಞೆ ಆಯಿತು. ಗಾಗಲ್ಸ್ ಇದ್ದದ್ದು ಮೂರು ಜನಕ್ಕೆ ಒಂದು, ಅದೂ ಗೀರು ಬಿದ್ದು ಮಸುಕಾದದ್ದು, ಅವತ್ತು ಇನ್ನೊಬ್ಬನ ಕೈಯಲ್ಲಿ. ಎರಡನೇ ಏಟಿಗೆ ಚೂರು ಹಾರಿತು.

ಅಂದರೆ ಎಸಿ, ಮುಚ್ಚಳ, ಡಬ್ಬಿ, ರಾಡ್, ಗಾಗಲ್ಸ್, ಇದರಲ್ಲಿ ಯಾವುದು ಆ ಹುಡುಗನ ತೀರ್ಮಾನ? ಒಂದೂ ಅಲ್ಲ. ತೇವಕ್ಕೆ ಹಾಳಾಗುವ ವಸ್ತುವನ್ನು ತೇವಕ್ಕೆ ಬಿಟ್ಟವರು ಯಾರೋ, ಕಣ್ಣು ಕೊಟ್ಟವನು ಇನ್ಯಾರೋ. ಇನ್ನೊಂದು ಮಾತು ಹೇಳಿದರೆ ನಿಮಗೂ ಹೊಟ್ಟೆ ಉರಿಯಬಹುದು. ಆ ಡಬ್ಬಿಯ ಮಾಲು ಕೆಟ್ಟು ಟೆಸ್ಟಿಗೆ ಆಗದು ಎಂದು ಮೂರು ಪುಟದ ವಿಚಾರಣೆ ನಡೆಯಿತು. ಕಣ್ಣಿಗೆ ಒಂದು ಸಾಲು.

ಕಣ್ಣು ತೊಳೆಯುವ ಐ ವಾಶ್ ಇತ್ತಲ್ಲ ಎಂದು ಕೇಳಬಹುದು. ಇತ್ತು, ಹೊರಗೆ ಬಿಸಿಲಿನಲ್ಲಿ. ಅಮೆರಿಕದ ಆನ್ಸಿ ಸಂಸ್ಥೆಯ ಮಾನದಂಡ ಇದಕ್ಕೆ ಸ್ಪಷ್ಟವಾಗಿ ಹೇಳುತ್ತದೆ: ಅಪಾಯದ ಜಾಗದಿಂದ 10 ಸೆಕೆಂಡಿನಲ್ಲಿ ತಲುಪಬೇಕು, 15 ನಿಮಿಷ ನೀರು ಬರಬೇಕು, ನೀರು 16ರಿಂದ 38 ಡಿಗ್ರಿ ಒಳಗೆ ಇರಬೇಕು. ನಮ್ಮಲ್ಲಿ ಬಿಸಿಲಿಗೆ ಕಾದ ಪೈಪಿನ ನೀರು ಕೈಗೇ ಸುಡುತ್ತಿತ್ತು. ಆ ನೀರಿಗೆ ಕಣ್ಣು ಬಿಡಿಸಿ 15 ನಿಮಿಷ ನಿಲ್ಲುವ ಗಂಡಸು ಯಾರಿದ್ದಾನೆ? ಅವನು ಎರಡು ನಿಮಿಷಕ್ಕೆ ತಲೆ ಎತ್ತಿದ. ವರದಿಯಲ್ಲಿ ಅದೂ ಅವನದೇ ತಪ್ಪು.

ಕಾನೂನು ಇಲ್ಲ ಅಂತಲ್ಲ. ಸೌದಿ ಕಾರ್ಮಿಕ ಕಾನೂನಿನ 122ನೇ ಕಲಂ ಪ್ರಕಾರ ಸುರಕ್ಷತೆಯ ಸೂಚನೆಗಳನ್ನು ಅರಬಿಯಲ್ಲಿ, ಅಗತ್ಯ ಬಿದ್ದರೆ ಕೆಲಸಗಾರರಿಗೆ ಅರ್ಥವಾಗುವ ಬೇರೆ ಭಾಷೆಯಲ್ಲೂ, ಎದ್ದು ಕಾಣುವ ಜಾಗದಲ್ಲಿ ಹಾಕಬೇಕು. ರಕ್ಷಣೆಯ ಖರ್ಚನ್ನು ನಮ್ಮ ಸಂಬಳದಿಂದ ಮುರಿಯಬಾರದು. 123ನೇ ಕಲಂ ಪ್ರಕಾರ ಕೆಲಸಕ್ಕೆ ಹಚ್ಚುವ ಮೊದಲೇ ಅಪಾಯ ಏನೆಂದು ತಿಳಿಸಬೇಕು, ರಕ್ಷಣೆಯ ಸಾಮಾನು ಕೊಟ್ಟು ಬಳಸಲು ಕಲಿಸಬೇಕು. ನಮ್ಮ ಗೋಡೆಯಲ್ಲಿ ನೇತಾಡುತ್ತಿದ್ದದ್ದು 16 ವಿಭಾಗಗಳ ಇಂಗ್ಲಿಷ್ ಸುರಕ್ಷತಾ ಹಾಳೆ. ಅದರ 4ನೇ ವಿಭಾಗದಲ್ಲಿ ಪ್ರಥಮ ಚಿಕಿತ್ಸೆ, 7ರಲ್ಲಿ ಇಡುವ-ಬಳಸುವ ಕ್ರಮ, 8ರಲ್ಲಿ ಗಾಗಲ್ಸ್-ಗ್ಲೌಸಿನ ವಿಷಯ ಉಂಟು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ವಿಮಾನ ಹತ್ತಿದವನಿಗೆ ಅದು ಗೋಡೆಯ ಅಲಂಕಾರ, ಅಷ್ಟೆ.

'ಕೊಟ್ಟರೂ ಇವರು ಹಾಕುವುದಿಲ್ಲ' ಎನ್ನುವ ಸೂಪರ್‌ವೈಸರ್‌ಗಳ ಮಾತಿನಲ್ಲಿ ಸ್ವಲ್ಪ ಸತ್ಯ ಉಂಟು, ಅಡಗಿಸುವುದಿಲ್ಲ. ಸೆಕೆಗೆ ಗಾಗಲ್ಸ್ ಮಂಜಾಗುತ್ತದೆ, ತೆಗೆದು ಹಣೆಗೆ ಏರಿಸುತ್ತೇವೆ. ಹಾಕಿಕೊಂಡ ಹೊಸ ಹುಡುಗನನ್ನು ನೋಡಿ 'ಎಂತ ಮಾರಾಯ, ಮದುಮಗನ ಹಾಗೆ' ಅಂತ ನಗುವವರೂ ನಾವೇ. ಹತ್ತು ವರ್ಷ ಬರಿಗೈಯಲ್ಲಿ ಮಾಡಿದ್ದೇನೆ ಎಂದು ಜಂಭ ಕೊಚ್ಚುವ ಕಾಕಂದಿರೂ ಇದ್ದಾರೆ. ಕಾಕಾ, ಹತ್ತು ವರ್ಷ ಏನೂ ಆಗದ್ದು ನಿಮ್ಮ ನಸೀಬು, ಅದು ಕೆಲಸ ಕಲಿಸುವ ಕ್ರಮ ಅಲ್ಲ. ಕೊಟ್ಟದ್ದನ್ನು ಬಳಸಬೇಕೆಂದು 124ನೇ ಕಲಂ ನಮಗೂ ಹೇಳುತ್ತದೆ. ಆದರೆ ಮಂಜಾಗದ ಗಾಗಲ್ಸ್ ಮಾರುಕಟ್ಟೆಯಲ್ಲಿ ಸಿಗುವಾಗ ಮಂಜಾಗುವುದನ್ನೇ ತರಿಸಿ ನಮಗೆ ಬುದ್ಧಿ ಹೇಳುವುದು ಯಾವ ನ್ಯಾಯ?

ಹಾಗಾಗಿ ಕಂಪೆನಿ ಹೇಳದ್ದನ್ನು ನಾವೇ ಒಬ್ಬರಿಗೊಬ್ಬರು ಹೇಳೋಣ. ದೊಡ್ಡ ಡಬ್ಬಿಯಿಂದ ಒಮ್ಮೆಗೇ ಸಣ್ಣ ಪ್ಲಾಸ್ಟಿಕ್ ಡಬ್ಬಿಗಳಿಗೆ ಹಾಕಿ, ಹೆಸರು ಬರೆದು, ಬಿಗಿಯಾಗಿ ಮುಚ್ಚಿ, ಒಣ ಜಾಗದಲ್ಲಿ, ಆಸಿಡ್‌ನಿಂದ ದೂರ ಇಡಿ. ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ. ಒದ್ದೆ ಕಾಸ್ಟಿಕ್ ಅದನ್ನು ತಿನ್ನುತ್ತದೆ, ಬೆಂಕಿ ಹಿಡಿಯುವ ಹೈಡ್ರೋಜನ್ ಬರುತ್ತದೆ. ಗಾಜಿನ ಬಿರಡೆ ಹಾಕಿದರೆ ಅಂಟಿಕೊಂಡು ಕೂರುತ್ತದೆ. ಹೆಂಟೆ ಕಟ್ಟಿದ್ದನ್ನು ಒಡೆಯಬೇಡಿ, ಬೇರೆ ತರಿಸಿ ಎಂದು ಹೇಳಿ. ಕರಗಿಸುವಾಗ ತಣ್ಣೀರಿಗೆ ಕಾಸ್ಟಿಕ್ ಸ್ವಲ್ಪ ಸ್ವಲ್ಪ ಹಾಕಿ ಕಲಕಬೇಕು, ಕಾಸ್ಟಿಕ್ ಮೇಲೆ ನೀರು ಸುರಿಯಬಾರದು. ಒಂದು ಲೀಟರಿಗೆ 100 ಗ್ರಾಂ ಹಾಕಿದರೆ ಸುಮಾರು 25 ಡಿಗ್ರಿ ಬಿಸಿ ಏರುತ್ತದೆ. ಇಲ್ಲಿಯ ಟ್ಯಾಂಕಿನ ನೀರು ಮೊದಲೇ 40 ಇದ್ದರೆ ಲೆಕ್ಕ ನೀವೇ ಹಾಕಿ. ಮೈಮೇಲೆ ಚೂರು ಬಿದ್ದರೆ ಮೊದಲು ಕೊಡವಿ, ಆಮೇಲೆ ಧಾರಾಳ ನೀರು. ಲಿಂಬೆ, ವಿನೆಗರ್, ಟೂತ್‌ಪೇಸ್ಟ್ ಯಾವುದೂ ಬೇಡ. ಕಣ್ಣಿಗಾದರೆ ಉಜ್ಜದೆ, ರೆಪ್ಪೆ ಬಿಡಿಸಿ ಹಿಡಿದು, ಕಡಿಮೆ ಎಂದರೆ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ದಾರಿಯಲ್ಲೂ ತೊಳೆಯುತ್ತಾ ಇರಿ. ಐ ವಾಶ್ ಬಿಸಿ ಇದ್ದರೆ ಕುಡಿಯುವ ನೀರಿನ ಬಾಟಲಿಗಳನ್ನೇ ಸುರಿಯಿರಿ.

ಲ್ಯಾಬಿನವರಿಗೆ ಮಾತ್ರ ಅಂತ ಉಳಿದವರು ಪುಟ ತಿರುಗಿಸಬೇಡಿ. ಇದೇ ಕಾಸ್ಟಿಕ್ಕನ್ನು ಕುಡಿಯುವ ನೀರಿನ ಖಾಲಿ ಬಾಟಲಿಯಲ್ಲಿ ತಂದು ಬ್ಯಾಚುಲರ್ ರೂಮಿನ ಅಡುಗೆಮನೆಯ ಪೈಪಿಗೆ ಸುರಿಯುವವರು ನಮ್ಮಲ್ಲೇ ಇದ್ದಾರೆ. ರಾತ್ರಿ ಡ್ಯೂಟಿ ಮುಗಿಸಿ ಬಾಯಾರಿ ಬಂದವನು ಕತ್ತಲಲ್ಲಿ ಯಾವ ಬಾಟಲಿ ಎತ್ತುತ್ತಾನೆ ಅಂತ ಯಾರಿಗೆ ಗೊತ್ತು?

ಊರಿನ ಉಮ್ಮಂದಿರೇ, ತಂಗಿಯರೇ, ಫೋನಿನಲ್ಲಿ 'ಸಂಬಳ ಆಯ್ತಾ, ಊಟ ಆಯ್ತಾ' ಎಂದು ಕೇಳುವಾಗ ಇನ್ನೊಂದು ಪ್ರಶ್ನೆಯನ್ನೂ ಕೇಳಿ: 'ಮೋನೇ, ಕಣ್ಣಿಗೆ ಹಾಕಲಿಕ್ಕೆ ಕೊಟ್ಟಿದ್ದಾರಾ? ಹಾಕ್ತೀಯಾ?' ನಮ್ಮ ಸಂಘಟನೆಯವರಲ್ಲೂ ಒಂದು ಬೇಡಿಕೆ. ವರ್ಷಕ್ಕೊಂದು ರಕ್ತದಾನ ಶಿಬಿರ ಮಾಡುತ್ತೇವೆ, ಒಳ್ಳೆಯದು. ಅದರ ಜೊತೆಗೆ ಈ ಹಾಳೆಯ 4, 7, 8ನೇ ವಿಭಾಗಗಳನ್ನು ಕನ್ನಡದಲ್ಲಿ ಒಂದು ಪುಟ ಮಾಡಿ ಕ್ಯಾಂಪ್ ಕ್ಯಾಂಪಿಗೆ ಹಂಚೋಣ. ಓದಲು ಬಾರದವರಿಗೆ ಬ್ಯಾರಿ ಭಾಷೆಯಲ್ಲಿ ಆಡಿಯೋ ಮಾಡಿ ವಾಟ್ಸಾಪಿಗೆ ಹಾಕೋಣ.

ನನ್ನ ರೂಮಿನವನು ಈಗ ಊರಲ್ಲಿದ್ದಾನೆ. ಅವನ ಜಾಗಕ್ಕೆ ಹೊಸ ಹುಡುಗ ಬಂದಿದ್ದಾನೆ, ಇಪ್ಪತ್ತೆರಡು ವರ್ಷ. ಸ್ಟೋರಿನ ಎಸಿ ಈಗಲೂ ರಜೆಗೆ ಬಂದ್ ಆಗುತ್ತದೆ. ಕಳೆದ ವಾರ ಡಬ್ಬಿ ಮತ್ತೆ ಹೆಂಟೆ ಕಟ್ಟಿತ್ತು, ಒಡೆಯಲು ಹೇಳಿದರು. ನಾವಿಬ್ಬರೂ ಒಡೆಯಲಿಲ್ಲ. ಸೂಪರ್‌ವೈಸರ್ ಬೊಬ್ಬೆ ಹಾಕಿದ, ಮರುದಿನ ಹೊಸ ಡಬ್ಬಿ ಬಂತು. ಕೆಲಸ ಹೋಗಲಿಲ್ಲ, ಕಣ್ಣೂ ಹೋಗಲಿಲ್ಲ.