ಹಿಂದೆ ಬಿದ್ದ ವಿದ್ಯಾರ್ಥಿಯೂ ಆರ್ಸ್ ಗ್ರಾಮದ ಸಂತರೂ

ಪ್ರತಿವರ್ಷವೂ ಪರೀಕ್ಷೆಯ ಫಲಿತಾಂಶವು ಪ್ರಕಟವಾದ ಮರುದಿನ ನನ್ನ ಕೊಠಡಿಯ ಬಾಗಿಲಲ್ಲಿ ಒಬ್ಬಿಬ್ಬರು ತಂದೆಯರು ಬಂದು ನಿಲ್ಲುವರು. “ಅಮ್ಮನವರೇ, ಇವಳ ತಲೆಗೆ ವಿದ್ಯೆ ಹತ್ತದು, ವರ್ಗಾವಣೆ ಪತ್ರವನ್ನು ಕೊಟ್ಟುಬಿಡಿರಿ” ಎಂಬುದೇ ಅವರ ಬಿನ್ನಹ. ಮಗಳು ನೆಲವನ್ನು ನೋಡುತ್ತಾ ಹಿಂದೆ ನಿಂತಿರುವಳು. ಆಗ ನನಗೆ ಫ್ರಾನ್ಸ್ ದೇಶದ ಒಬ್ಬ ಬಡ ಪಾದ್ರಿಗಳ ನೆನಪಾಗುವುದು.

ಜಾನ್ ಮರಿಯ ವಿಯಾನಿಯವರು 1786ರಲ್ಲಿ ಲಿಯೋನ್ ಪಟ್ಟಣದ ಸಮೀಪದ ದಾರ್ದಿಯಿ ಎಂಬ ಹಳ್ಳಿಯಲ್ಲಿ ಬೇಸಾಯಗಾರರ ಮನೆಯಲ್ಲಿ ಹುಟ್ಟಿದರು. ಅದು ಕ್ರಾಂತಿಯ ಕಾಲವಾದುದರಿಂದ ಶಾಲೆಯ ಭಾಗ್ಯವು ಅವರಿಗೆ ಅಷ್ಟಾಗಿ ದೊರೆಯಲಿಲ್ಲ. ಇಪ್ಪತ್ತರ ಪ್ರಾಯದಲ್ಲಿ ಲ್ಯಾಟಿನ್ ಕಲಿಯತೊಡಗಿ, ತಮಗಿಂತ ಎಷ್ಟೋ ಚಿಕ್ಕವರಾದ ಬಾಲಕರ ನಡುವೆ ಕುಳಿತರು. ಪಾಠವು ತಲೆಯಲ್ಲಿ ನಿಲ್ಲಲಿಲ್ಲ. ಲಿಯೋನಿನ ಗುರುಮಠದವರು ಅವರನ್ನು ಹಿಂದಕ್ಕೆ ಕಳುಹಿದರು.

ಕಥೆಯು ಅಲ್ಲಿಗೇ ಮುಗಿಯಬಹುದಾಗಿತ್ತು. ಆದರೆ ಎಕ್ಯುಲಿ ಗ್ರಾಮದ ಬ್ಯಾಲೆ ಎಂಬ ಪಾದ್ರಿಗಳು ಶಿಷ್ಯನನ್ನು ಕೈಬಿಡಲಿಲ್ಲ. ತಾವೇ ಪಾಠ ಹೇಳಿ, ಮೇಲಿನವರಲ್ಲಿ ಅವನ ಪರವಾಗಿ ವಾದಿಸಿದರು. 1815ರಲ್ಲಿ ವಿಯಾನಿಯವರಿಗೆ ಗುರುದೀಕ್ಷೆಯಾಯಿತು. 1818ರಲ್ಲಿ ಅವರನ್ನು ಆರ್ಸ್ ಎಂಬ ಕುಗ್ರಾಮಕ್ಕೆ ಕಳುಹಿದರು. ಅಲ್ಲಿದ್ದವರು ಸುಮಾರು 230 ಜನರು ಮಾತ್ರ. ಮುಂದೆ ಪಾಪನಿವೇದನೆಗಾಗಿ ದೂರದೂರದಿಂದ ಜನರು ಆ ಹಳ್ಳಿಗೆ ಬಂದರು; ದಿನಕ್ಕೆ ಹದಿನಾರು ಗಂಟೆಗಳವರೆಗೂ ಕುಳಿತು ಅವರು ಅವರೆಲ್ಲರ ದುಃಖವನ್ನು ಆಲಿಸಿದರು. 1859ರಲ್ಲಿ ತೀರಿಕೊಂಡ ಅವರಿಗೆ 1925ರಲ್ಲಿ ಸಂತ ಪದವಿಯು ದೊರೆಯಿತು.

ನಮ್ಮ ಶಾಲೆಗೆ ಇನ್ನೂ ಹತ್ತಿರವಾದ ಸಂಗತಿಯೊಂದುಂಟು. 1824ರಲ್ಲಿ ಅವರು ಹೆಣ್ಣುಮಕ್ಕಳಿಗಾಗಿ ಉಚಿತ ಶಾಲೆಯನ್ನು ತೆರೆದರು. ಕ್ರಮೇಣ ಅದು ಅನಾಥ ಬಾಲಿಕೆಯರಿಗೆ ಆಶ್ರಯವೂ ಆಯಿತು. ಅದರ ಉಪಾಧ್ಯಾಯಿನಿಯರಾದ ಕ್ಯಾಥರಿನ್ ಲಸಾನ್ಯ, ಬೆನ್ವಾತ್ ಲಾರ್ದೆ ಎಂಬವರು ಅದೇ ಊರಿನ ಸಾಮಾನ್ಯ ಯುವತಿಯರು. ಅವರನ್ನು ಮೊದಲು ಕನ್ಯಾಸ್ತ್ರೀಯರಲ್ಲಿ ಕಲಿಯಲು ಕಳುಹಿ ಸಿದ್ಧಪಡಿಸಿದರು. ತಾನು ಕಷ್ಟದಿಂದ ಕಲಿತವನೇ ಇತರರು ಕಲಿಯಬಲ್ಲರೆಂದು ನಂಬುವನು.

“ಹಿಂದೆ ಬಿದ್ದವರೆಲ್ಲರೂ ಸಂತರಾಗುವರೇ?” ಎಂದು ನೀವು ಕೇಳಬಹುದು. ಇಲ್ಲ. ಅಂಕಗಳು ಬೇಡವೆಂದೂ ನಾನು ಹೇಳುವುದಿಲ್ಲ. ವಿಯಾನಿಯವರೂ ಪರೀಕ್ಷೆಗೆ ನಿಲ್ಲಲೇಬೇಕಾಯಿತು. ಕೈಬಿಡದ ಒಬ್ಬರು ಬೇಕೆಂಬುದಷ್ಟೇ ನನ್ನ ವಾದ.

ಈ ಮಾತನ್ನು ಹೇಳಲು ನನಗೆ ಸಂಕೋಚವೂ ಉಂಟು. ಹೊಸದಾಗಿ ಕೆಲಸಕ್ಕೆ ಸೇರಿದ್ದ ಕಾಲದಲ್ಲಿ ನಾನು ಒಬ್ಬ ತಾಯಿಗೆ, “ಇವಳಿಗೆ ಮನೆಗೆಲಸವೇ ಸರಿ” ಎಂದು ಹೇಳಿಬಿಟ್ಟೆನು. ಹುಡುಗಿಯು ಶಾಲೆ ಬಿಟ್ಟಳು. ಈಚೆಗೆ ತನ್ನ ಮಗಳನ್ನು ಸೇರಿಸಲು ಅವಳೇ ಬಂದು, “ಟೀಚರ್, ಇವಳು ನನ್ನ ಹಾಗಲ್ಲ, ಅಲ್ಲವೇ?” ಎಂದಳು. ಆ ಪ್ರಶ್ನೆಯು ನನ್ನನ್ನು ಈಗಲೂ ಬಿಟ್ಟಿಲ್ಲ.

ಆದುದರಿಂದ ಪೋಷಕರಲ್ಲಿ ನನ್ನ ವಿಜ್ಞಾಪನೆಯಿದು: ಒಮ್ಮೆ ತಪ್ಪಿದ ಮಗಳನ್ನು ಶಾಲೆಯಿಂದ ಬಿಡಿಸಬೇಡಿರಿ, ಮರುಪರೀಕ್ಷೆಗೆ ಕೂರಿಸಿರಿ. ಹಳೆಯ ವಿದ್ಯಾರ್ಥಿನಿಯರೇ, ಊರಿನಲ್ಲಿರುವವರು ವಾರಕ್ಕೊಂದು ಸಂಜೆ ಬಂದು ಇಂಥ ಒಬ್ಬಳ ಪಕ್ಕದಲ್ಲಿ ಕುಳಿತು ಲೆಕ್ಕವನ್ನೋ ಇಂಗ್ಲಿಷನ್ನೋ ಹೇಳಿಕೊಡಿರಿ. ವಿಯಾನಿಯವರನ್ನು ಲೋಕವೆಲ್ಲ ಬಲ್ಲದು. ಬ್ಯಾಲೆಯವರನ್ನು ಬಲ್ಲವರು ಕಡಿಮೆ. ನಮ್ಮ ಶಾಲೆಗೆ ಈಗ ಬೇಕಾಗಿರುವವರು ಬ್ಯಾಲೆಯವರಂಥವರೇ.