ಕಾರಣ ನೋಡಿ, ಆಮೇಲೆ ದಂಡ ಹಾಕಿ



ಮುಂಬಯಿಯಲ್ಲಿ ಪದ್ಮಿನಿ ಟ್ಯಾಕ್ಸಿಗಳ ಕಾಲ 2023ರಲ್ಲಿ ಮುಗಿಯಿತು. ಆದರೂ ಉಳಿದ ಹಳೆಯ ಪದ್ಮಿನಿ ಕಾರುಗಳು ನಮ್ಮ ಹುಡುಗರು ದುಡಿಯುವ ಗ್ಯಾರೇಜುಗಳಿಗೆ ಬರುತ್ತವೆ. ಸೈಲೆನ್ಸರು ‘ಢಂ’ ಎಂದೊಡನೆ ಹುಡುಗನನ್ನು ಬೈದು, ಹೊಸ ಕಾರ್ಬ್ಯುರೇಟರಿನ ಹಣವನ್ನು ಅವನ ಪಗಾರದಲ್ಲಿ ಮುರಿದುಕೊಳ್ಳುವ ಮಾಲೀಕರಿದ್ದಾರೆ. ಇದು ಅನ್ಯಾಯ.

ಕ್ಯಾಮಿಗೆ ಉಜ್ಜಿ ಪಾಯಿಂಟಿನ ಹಿಮ್ಮಡಿ ಸವೆದರೆ ಸಂದು ಕಿರಿದಾಗುತ್ತದೆ, ಕಿಡಿ ತಡವಾಗುತ್ತದೆ. ಪೂರ್ತಿ ಉರಿಯದ ಪೆಟ್ರೋಲು ಸೈಲೆನ್ಸರಿನಲ್ಲಿ ಸಿಡಿಯಬಹುದು. ಸದ್ದು ಕಾರ್ಬ್ಯುರೇಟರಿನಿಂದ ಬಂದರೆ ಪ್ಲಗ್ಗಿನ ತಂತಿಗಳು 1-3-4-2 ಕ್ರಮದಲ್ಲಿವೆಯೇ ನೋಡಬೇಕು. ಮೊದಲು ಸಂದು, ಆಮೇಲೆ ಟೈಮಿಂಗ್, ಕೊನೆಗೆ ಕಾರ್ಬ್ಯುರೇಟರು.

ಹೋಟೆಲಿನಲ್ಲಿ ಲೋಟ ಒಡೆದಾಗ ನಮ್ಮ ಪಗಾರವೂ ಹೀಗೆಯೇ ಮುರಿದಿತ್ತು. ಕಾರಣ ಹುಡುಕದೆ ಹಾಕಿದ ದಂಡಕ್ಕೆ ನಾವು ತಲೆಬಾಗಬಾರದು.