ಎಲಿವೇಟರ್ ಲೆಕ್ಕಕ್ಕೆ ಇಂಗ್ಲಿಷೇ ಬೇಕೆ?



ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ವಿಮಾನ, ಡ್ರೋನು, ರೋಬೋಟು ಇವೆಲ್ಲ ದಕ್ಕುವುದಿಲ್ಲ ಎಂಬ ಮಾತು ಆದವಾನಿ, ಕೌತಾಳಂ, ಹೊಳಗುಂದ, ಹಾಲಹರ್ವಿ ಕಡೆ ಆಗಾಗ ಕೇಳಿಬರುತ್ತದೆ. ಪೋಷಕರಷ್ಟೇ ಅಲ್ಲ, ನಮ್ಮ ಕೆಲವು ಶಿಕ್ಷಕ ಬಂಧುಗಳೂ ಇದಕ್ಕೆ ತಲೆಯಾಡಿಸುತ್ತಾರೆ. ನಾವು ಇದನ್ನು ಒಪ್ಪುವುದಿಲ್ಲ. ಬರೀ ಭಾಷಾಭಿಮಾನದಿಂದ ಹೇಳುವ ಮಾತಲ್ಲ ಇದು. ರೇಡಿಯೋದಿಂದ ಹಾರಿಸುವ ಪುಟ್ಟ ಮಾದರಿ ವಿಮಾನವನ್ನೇ ತೆಗೆದುಕೊಂಡು ನೋಡೋಣ.

ವಿಮಾನದ ಬಾಲದ ಅಡ್ಡರೆಕ್ಕೆಯ ಹಿಂದಿನ ಅಂಚಿನಲ್ಲಿ ಮೇಲೆ ಕೆಳಗೆ ಆಡುವ ಒಂದು ಪಟ್ಟಿ ಇರುತ್ತದೆ. ಅದೇ ಎಲಿವೇಟರ್. ಪಟ್ಟಿ ಮೇಲೆದ್ದರೆ ಗಾಳಿ ಬಾಲವನ್ನು ಕೆಳಕ್ಕೆ ಒತ್ತುತ್ತದೆ, ಮೂತಿ ಮೇಲೇಳುತ್ತದೆ. ಪಟ್ಟಿ ಇಳಿದರೆ ಮೂತಿಯೂ ಇಳಿಯುತ್ತದೆ. ಈ ಪಟ್ಟಿಯನ್ನು ತಂತಿಯ ಮೂಲಕ ಎಳೆದು ತಳ್ಳುವ ಪುಟ್ಟ ಯಂತ್ರವೇ ಸರ್ವೋ. ಸಾಮಾನ್ಯ ಸರ್ವೋಗೆ ಸೆಕೆಂಡಿಗೆ 50 ಸಲ ಸಂಕೇತ ಹೋಗುತ್ತದೆ. ಆ ಸಂಕೇತ ಒಂದೂವರೆ ಮಿಲಿಸೆಕೆಂಡು ಇದ್ದರೆ ಸರ್ವೋ ನಟ್ಟನಡುವೆ ನಿಲ್ಲುತ್ತದೆ. ಒಂದರ ಕಡೆಗೆ ಇಳಿದರೆ ಒಂದು ಪಕ್ಕಕ್ಕೆ, ಎರಡರ ಕಡೆಗೆ ಏರಿದರೆ ಇನ್ನೊಂದು ಪಕ್ಕಕ್ಕೆ ತಿರುಗುತ್ತದೆ.

ಜೋಡಿಸುವುದಕ್ಕೂ ಒಂದು ಕ್ರಮವಿದೆ. ಮೊದಲು ಪ್ರೊಪೆಲ್ಲರ್ ಬಿಚ್ಚಿಡಬೇಕು, ಬೆರಳು ಮುಖ್ಯ. ರೇಡಿಯೋದಲ್ಲಿ ಟ್ರಿಮ್ ಸೊನ್ನೆಗೆ ತಂದು, ಸರ್ವೋ ನಡುವೆ ನಿಂತ ಮೇಲೆ ಅದರ ಕೈಯನ್ನು ತಂತಿಗೆ 90 ಡಿಗ್ರಿ ಬರುವಂತೆ ಕೂರಿಸಬೇಕು. ಆಮೇಲೆ ತಂತಿಯ ಉದ್ದ ಸರಿಮಾಡಿ ಪಟ್ಟಿಯನ್ನು ಸಮಕ್ಕೆ ತರಬೇಕು. ಕೋಲನ್ನು ನಮ್ಮ ಕಡೆ ಎಳೆದರೆ ಪಟ್ಟಿ ಮೇಲೇಳಬೇಕು. ಇಳಿದರೆ ರೇಡಿಯೋದಲ್ಲಿ ದಿಕ್ಕು ಬದಲಿಸಬೇಕು. ಎಷ್ಟು ಏಳಬೇಕು, ಎಷ್ಟು ಇಳಿಯಬೇಕು ಎಂಬುದು ಕೊನೆಗೆ. ಅಂದಾಜಿಗಲ್ಲ, ಸ್ಕೇಲು ಹಿಡಿದು ಅಳೆದು. ಇದರಲ್ಲಿ ಕನ್ನಡಕ್ಕೆ ಬಗ್ಗದ್ದು ಯಾವುದಿದೆ?

ಇನ್ನು ಎಲ್ಲರೂ ಹೆದರುವ ಮಿಕ್ಸಿಂಗ್. ಬಾಲವಿಲ್ಲದ ತ್ರಿಕೋನ ರೆಕ್ಕೆಯ ವಿಮಾನದಲ್ಲಿ ಎಡಕ್ಕೊಂದು, ಬಲಕ್ಕೊಂದು ಪಟ್ಟಿ ಇರುತ್ತದೆ. ಏರಿಸುವುದು, ಇಳಿಸುವುದು, ವಾಲಿಸುವುದು ಎಲ್ಲ ಕೆಲಸವೂ ಅವೆರಡರದ್ದೇ. ಎಲಿವಾನ್ ಎಂದು ಅವುಗಳ ಹೆಸರು. ಬಂಡಿ ಹೊಡೆಯುವವನು ಎರಡೂ ಹಗ್ಗ ಜಗ್ಗಿದರೆ ಜೋಡೆತ್ತು ನಿಲ್ಲುತ್ತವೆ, ಒಂದೇ ಜಗ್ಗಿದರೆ ಬಂಡಿ ತಿರುಗುತ್ತದೆ. ಇಲ್ಲಿಯೂ ಹಾಗೆಯೇ. ಪಟ್ಟಿ ಮೇಲೇಳುವುದು ಧನ, ಇಳಿಯುವುದು ಋಣ ಎಂದಿಟ್ಟುಕೊಳ್ಳಿ. ಬಲಪಟ್ಟಿ = ಏರಿಕೆ + ವಾಲಿಕೆ. ಎಡಪಟ್ಟಿ = ಏರಿಕೆ − ವಾಲಿಕೆ. ಏರಿಕೆ 20, ಬಲಕ್ಕೆ ವಾಲಿಕೆ 10 ಎಂದರೆ ಬಲಪಟ್ಟಿ 30, ಎಡಪಟ್ಟಿ 10. ಮೂತಿ ಇಳಿಸುತ್ತ ಬಲಕ್ಕೆ ವಾಲಬೇಕೆಂದರೆ ಏರಿಕೆ −20. ಆಗ ಬಲ −10, ಎಡ −30. ಅಷ್ಟೇ!

ಪಟ್ಟಿ 30ಕ್ಕಿಂತ ಹೆಚ್ಚು ಆಡದು, ಆದರೆ ನಾವು 20 ಮತ್ತು 20 ಕೇಳಿದೆವು ಎನ್ನಿ. ಬಲಕ್ಕೆ 40 ಬೇಕು, ಸಿಗುವುದು 30. ಎಡಪಟ್ಟಿ ಸೊನ್ನೆಯಲ್ಲಿ ನಿಲ್ಲುತ್ತದೆ. ಕೇಳಿದಷ್ಟು ಏರಿಕೆಯೂ ಇಲ್ಲ, ವಾಲಿಕೆಯೂ ಇಲ್ಲ. ಅದಕ್ಕೇ ಎರಡರ ಪಾಲನ್ನೂ ಮೊದಲೇ ಮಿತಿಗೊಳಿಸುತ್ತಾರೆ. ಇದು ಆರು, ಏಳನೇ ತರಗತಿಯ ಪೂರ್ಣಾಂಕಗಳ ಪಾಠವಲ್ಲದೆ ಮತ್ತೇನು? "ಋಣ ಸಂಖ್ಯೆ ಎಲ್ಲಿ ಉಪಯೋಗ ಬರುತ್ತದೆ ಸಾರ್?" ಎಂದು ಕೇಳುವ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೆ?

2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಸಲ ಹಾರಿದ ನಮ್ಮ ತೇಜಸ್‌ಗೂ ಬಾಲದಲ್ಲಿ ಎಲಿವೇಟರ್ ಇಲ್ಲ, ರೆಕ್ಕೆಯಲ್ಲಿ ಎಲಿವಾನ್‌ಗಳೇ. ಅದರ ಕಂಪ್ಯೂಟರ್ ಮಾಡುವ ಲೆಕ್ಕ ಬಹಳ ದೊಡ್ಡದು, ನಿಜ. ಆದರೆ ಬುಡದಲ್ಲಿರುವುದು ಇದೇ ಕೂಡು-ಕಳೆ. ಅಷ್ಟು ದೂರವೇಕೆ, ನಮ್ಮ ಕರ್ನೂಲು ಜಿಲ್ಲೆಯಲ್ಲೇ ಡಿಆರ್‌ಡಿಒ ಪರೀಕ್ಷಾ ಕ್ಷೇತ್ರವಿದೆ. 2025ರ ಏಪ್ರಿಲ್‌ನಲ್ಲಿ ಅಲ್ಲಿ ಲೇಸರ್ ಕಿರಣದಿಂದ ಪೈಲಟ್ ಇಲ್ಲದ ವಿಮಾನವನ್ನು ಉರುಳಿಸಿದರು. ಜುಲೈನಲ್ಲಿ ಡ್ರೋನಿನಿಂದ ಬಿಡುವ ಕ್ಷಿಪಣಿಯ ಪರೀಕ್ಷೆಯೂ ನಡೆಯಿತು. ನಮ್ಮ ಜಿಲ್ಲೆಯ ಆಕಾಶದಲ್ಲಿ ಇಷ್ಟೆಲ್ಲ ನಡೆಯುವಾಗ ನಮ್ಮ ಮಕ್ಕಳು ಬರೀ ತಲೆಯೆತ್ತಿ ನೋಡುವವರಾಗಬಾರದು.

ಸರ್ಕಾರಿ ಶಾಲೆಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ತಿರುಗಿಸುವ 2019ರ ಆದೇಶಗಳನ್ನು ಆಂಧ್ರ ಹೈಕೋರ್ಟ್ 2020ರ ಏಪ್ರಿಲ್‌ನಲ್ಲಿ ರದ್ದುಮಾಡಿತು. ಆದೇಶವನ್ನು ಕೋರ್ಟು ರದ್ದುಮಾಡಬಹುದು, ಪೋಷಕರ ಮನಸ್ಸಿನ ಅಳುಕನ್ನು ರದ್ದುಮಾಡುವವರು ಯಾರು? ಅದು ಶಿಕ್ಷಕರಾದ ನಮ್ಮ ಕೆಲಸ. ಕನ್ನಡ ಉಳಿಸಿ ಎಂದು ನವೆಂಬರ್‌ನಲ್ಲಿ ಭಾಷಣ ಮಾಡಿದರೆ ಸಾಲದು. ಕನ್ನಡದಲ್ಲಿ ಕಲಿತ ಹುಡುಗಿ ಸರ್ವೋ ಕೂರಿಸಿ ತೋರಿಸಿದರೆ ಅವಳ ಅಪ್ಪ ಟಿಸಿ ಕೇಳಲು ಬರುವುದಿಲ್ಲ.

ಹಾಗೆಂದು ಸರ್ವೋ, ಎಲಿವೇಟರ್‌ಗಳಿಗೆ ಬಾಯಿ ತಿರುಗದ ಹೊಸ ಹೆಸರು ಕಟ್ಟಬೇಕಿಲ್ಲ. ಬಸ್ಸು, ರೈಲು ನಮ್ಮವಾದ ಹಾಗೆ ಇವೂ ಆಗುತ್ತವೆ. ವಿವರಣೆ ಮಾತ್ರ ಮಗುವಿನ ಮಾತಿನಲ್ಲಿರಬೇಕು.

ಹಣವೆಲ್ಲಿ ಎನ್ನುವವರಿಗೆ ಒಂದು ಮಾತು. ಮೊದಲ ವರ್ಷ ರೇಡಿಯೋ ಬೇಡವೇ ಬೇಡ. ಥರ್ಮೋಕೋಲ್ ಹಾಳೆಯಲ್ಲಿ ತ್ರಿಕೋನ ರೆಕ್ಕೆ ಕತ್ತರಿಸಿ, ಹಿಂದೆ ರಟ್ಟಿನ ಎರಡು ಪಟ್ಟಿ ಅಂಟಿಸಿ, ಮೂತಿಗೆ ಸ್ವಲ್ಪ ಜೇಡಿಮಣ್ಣು ಮೆತ್ತಿ ಕೈಯಿಂದ ತೂರಿದರೂ ಸಾಕು. ಎರಡೂ ಪಟ್ಟಿ ಎತ್ತಿದರೆ ಏನಾಗುತ್ತದೆ, ಒಂದನ್ನೇ ಎತ್ತಿದರೆ ಏನಾಗುತ್ತದೆ ಎಂದು ಮಕ್ಕಳೇ ಕಂಡು ಬರೆಯಲಿ. ಮರುವರ್ಷ ನಾಲ್ಕೈದು ಶಾಲೆ ಸೇರಿ ಒಂದು ರೇಡಿಯೋ, ಎರಡು ಸರ್ವೋ ಕೊಳ್ಳಬಹುದು. ಹಾರಿಸುವ ಮುನ್ನ 2021ರ ಡ್ರೋನ್ ನಿಯಮಗಳನ್ನು ಓದಿಕೊಂಡು, ಜನವಿಲ್ಲದ ಬಯಲು ಹುಡುಕಿಕೊಳ್ಳಬೇಕು.

ನಿಮ್ಮ ಶಾಲೆಯಲ್ಲಿ ಇಂಥದ್ದು ಮಾಡಿದ್ದರೆ ದಯವಿಟ್ಟು ಬರೆದು ತಿಳಿಸಿ. ಮಾಡಿಲ್ಲವಾದರೆ ಪೂರ್ಣಾಂಕಗಳ ಪಾಠ ಬಂದ ದಿನ ಒಂದು ಥರ್ಮೋಕೋಲ್ ಹಾಳೆ ತರಗತಿಗೆ ಒಯ್ಯಿರಿ.